ಗೇಣಿಯ ಪ್ರಶ್ನೆ ಎತ್ತಿ ಗಡೀಪಾರಾದ ದಿನಕರ ದೇಸಾಯಿ

ಗಡಿಯಾರವನ್ನು ಕುರಿತ ಒಂದು ಶಿಶುಗೀತೆಯನ್ನು ಕನ್ನಡ ಶಾಲೆಯಲ್ಲಿ ಓದಿದವರು ಯಾರೂ ಸುಲಭವಾಗಿ ಮರೆಯಲಾರರು. ಅಕ್ಷರ ತಪ್ಪಿದರೂ ಲಯ ತಪ್ಪದಂತೆ ಅದನ್ನು ಅಜ್ಜಂದಿರು ಮೊಮ್ಮಕ್ಕಳ ಮುಂದೆ ಹೇಳಿ ತೋರಿಸುವುದುಂಟು. ಆ ಪದ್ಯ ಬರೆದವರು ದಿನಕರ ದೇಸಾಯಿ ಎಂಬುದು ಹಲವರಿಗೆ ಗೊತ್ತು. ನಾಲ್ಕು ಸಾಲಿನ ಚುಟುಕವನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದವರೂ ಅವರೇ ಎಂಬುದು ಇನ್ನೂ ಹಲವರಿಗೆ ಗೊತ್ತು. ಆದರೆ ಅದೇ ದಿನಕರ ದೇಸಾಯಿಯವರು 1940ರಿಂದ ಐದು ವರ್ಷಗಳ ಕಾಲ ತಾವು ಹುಟ್ಟಿದ ಜಿಲ್ಲೆಗೇ ಕಾಲಿಡುವಂತಿರಲಿಲ್ಲ, ಬ್ರಿಟಿಷ್ ಸರಕಾರ ಅವರನ್ನು ಉತ್ತರ ಕನ್ನಡದಿಂದ ಗಡೀಪಾರು ಮಾಡಿತ್ತು ಎಂಬುದನ್ನು ಬಲ್ಲವರು ಕಡಿಮೆ.

ಮಕ್ಕಳ ಪದ್ಯ ಬರೆಯುವ ಒಬ್ಬ ಮನುಷ್ಯನನ್ನು ಕಂಡು ಸರಕಾರ ಅಂಜಿದ್ದೇಕೆ? ಅವರು ಬಾಂಬು ಎಸೆದವರಲ್ಲ, ತಂತಿ ಕತ್ತರಿಸಿದವರಲ್ಲ. ಅವರು ಸೇರಿದ್ದ ಸಂಸ್ಥೆಯೇ ಶಾಸನಬದ್ಧ ಮಾರ್ಗವನ್ನು ಬಿಡಕೂಡದೆಂದು ನಿಯಮ ಮಾಡಿಕೊಂಡಿದ್ದ ಸಂಸ್ಥೆ. ಅವರು ಮಾಡಿದ ಕೆಲಸ ಇಷ್ಟೇ: ಗದ್ದೆಯಲ್ಲಿ ಬೆಳೆದ ಭತ್ತದಲ್ಲಿ ಬೆಳೆದವನಿಗೆ ಉಳಿಯುವುದೆಷ್ಟು ಎಂದು ಬಹಿರಂಗವಾಗಿ ಕೇಳಿದರು, ಮತ್ತು ಬೆಳೆದವರೆಲ್ಲ ಒಟ್ಟಾಗಿ ಹಾಗೆ ಕೇಳುವಂತೆ ಮಾಡಿದರು. ನಮ್ಮ ಜಿಲ್ಲೆಯ ಸ್ವಾತಂತ್ರ್ಯದ ಕಥೆಯಲ್ಲಿ ಈ ಪ್ರಶ್ನೆಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಕರ ನಿರಾಕರಣೆಯ ಜಿಲ್ಲೆ

ಆ ಕಥೆ ಸಾಮಾನ್ಯವಾಗಿ ಆರಂಭವಾಗುವುದು ಅಂಕೋಲೆಯ ಕಡಲ ತೀರದಲ್ಲಿ. 1930ರ ಏಪ್ರಿಲ್ 13ರಂದು ಅಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾಯದೆ ಮುರಿದರು. ಉಪ್ಪಿನಿಂದ ಹತ್ತಿದ ಬೆಂಕಿ ಬೇಗನೆ ಭೂಕಂದಾಯಕ್ಕೆ ತಗಲಿತು. ಜಗತ್ತಿನ ಆರ್ಥಿಕ ಕುಸಿತದಿಂದ ಅಡಿಕೆ, ಭತ್ತಗಳ ಬೆಲೆ ಬಿದ್ದಿತ್ತು. ಸರಕಾರದ ತೀರ್ವೆ ಮಾತ್ರ ಇಳಿದಿರಲಿಲ್ಲ. ಘಟ್ಟದ ಕೆಳಗೆ ಅಂಕೋಲೆ, ಘಟ್ಟದ ಮೇಲೆ ಸಿದ್ದಾಪುರ ಹಾಗೂ ಶಿರಸಿ ಸೀಮೆಗಳಲ್ಲಿ ಕರ ನಿರಾಕರಣೆಯ ಚಳವಳಿ ನಡೆಯಿತು. ಸೂರ್ವೆ, ಹಿಚ್ಕಡ, ಬಾಸಗೋಡಗಳಂಥ ಹಳ್ಳಿಗಳ ಹೆಸರು ಮುಂಬಯಿ ಇಲಾಖೆಯಲ್ಲೆಲ್ಲ ಕೇಳಿಬಂತು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಬಿರುದು ಬಂದದ್ದು ಇದೇ ಕಾಲದಲ್ಲಿ.

1931ರ ಮಾರ್ಚಿನಲ್ಲಿ ಗಾಂಧಿ-ಇರ್ವಿನ್ ಒಪ್ಪಂದವಾಗಿ ಚಳವಳಿ ನಿಂತಿತು. 1932ರಲ್ಲಿ ಮತ್ತೆ ಶುರುವಾಯಿತು. ಎರಡನೆಯ ಸಲ ಸರಕಾರದ ಕೈ ಹೆಚ್ಚು ಕಠಿಣವಾಗಿತ್ತು. ಮನೆಯ ಪಾತ್ರೆ, ಕೊಟ್ಟಿಗೆಯ ದನ, ಕೊನೆಗೆ ಗದ್ದೆ ತೋಟಗಳು ಜಪ್ತಿಯಾಗಿ ಹರಾಜಿಗೆ ಬಂದವು. ಗಂಡಸರು ಜೈಲಿಗೆ ಹೋದ ಮನೆಗಳಲ್ಲಿ ಹೆಂಗಸರು ಮುಂದೆ ಬಂದರು. ಅವರೂ ಜೈಲು ಕಂಡರು. 1937ರಲ್ಲಿ ಬಿ.ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದ ಮೇಲೆ, ಹೀಗೆ ಹೋದ ಜಮೀನುಗಳನ್ನು ಮೂಲ ಹಕ್ಕುದಾರರಿಗೆ ಮರಳಿಸುವ ಕೆಲಸ ಆರಂಭವಾಯಿತು. ಈ ತ್ಯಾಗದ ನೆನಪು ಸಿದ್ದಾಪುರ, ಶಿರಸಿಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಇರಬೇಕಾದದ್ದೇ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ತೀರ್ವೆ ಕೊಡಲಾರೆ ಎನ್ನಬೇಕಾದರೆ ಮೊದಲು ತೀರ್ವೆ ಕೊಡುವ ಖಾತೆ ಇರಬೇಕು. ಜಮೀನು ಜಪ್ತಿಯಾಗಬೇಕಾದರೆ ಹೆಸರಿನಲ್ಲಿ ಜಮೀನಿರಬೇಕು. ಸರಕಾರದ ದಫ್ತರದಲ್ಲಿ ಹೆಸರೇ ಇಲ್ಲದವರು ಆ ಕಾಲದ ಉತ್ತರ ಕನ್ನಡದಲ್ಲಿ ಬಹಳ ಮಂದಿ ಇದ್ದರು. ಅವರೇ ಗೇಣಿ ಒಕ್ಕಲುಗಳು. ಸರಕಾರಕ್ಕೆ ತೀರ್ವೆ ಕೊಡುತ್ತಿದ್ದವನು ಖಾತೆದಾರ. ಖಾತೆದಾರನಿಗೆ ಗೇಣಿ ಕೊಡುತ್ತಿದ್ದವನು ಒಕ್ಕಲು. ದೇಶದ ಕರೆಗೆ ಓಗೊಟ್ಟು ಒಡೆಯನೂ ಜೈಲಿಗೆ ಹೋದ, ಒಕ್ಕಲೂ ಹೋದ. ಹಿಂದಿರುಗಿ ಬಂದಾಗ ಒಡೆಯನಿಗೆ ಮರಳಿ ಪಡೆಯಲು ಜಮೀನಿತ್ತು. ಒಕ್ಕಲಿಗೆ ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ.

ಮೂಲಗೇಣಿ, ಚಾಲಗೇಣಿ

ಕನ್ನಡ ಜಿಲ್ಲೆಗಳ ಗೇಣಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮೂಲಗೇಣಿದಾರನ ಸ್ಥಿತಿ ಅಷ್ಟು ಕೆಟ್ಟದ್ದಲ್ಲ. ಅವನ ಹಕ್ಕು ವಂಶಪಾರಂಪರ್ಯವಾದದ್ದು. ಗೇಣಿ ಒಮ್ಮೆ ಗೊತ್ತಾದರೆ ಏರುವುದಿಲ್ಲ. ಚಾಲಗೇಣಿಯ ಕಥೆ ಬೇರೆ. ಒಡೆಯನ ಮರ್ಜಿ ಇರುವ ತನಕ ಗದ್ದೆ. ಮರ್ಜಿ ತಪ್ಪಿದರೆ ಬೇರೊಬ್ಬನ ಪಾಲು. ತಲೆಮಾರುಗಟ್ಟಲೆ ಅದೇ ಗದ್ದೆಯನ್ನು ಉತ್ತಿದ್ದರೂ ಅದನ್ನು ತೋರಿಸಲು ಕೈಯಲ್ಲಿ ಒಂದು ಚೀಟಿ ಇಲ್ಲ. ಗೇಣಿಯನ್ನು ಭತ್ತದಲ್ಲೋ ಅಕ್ಕಿಯಲ್ಲೋ ಅಳೆಯಬೇಕು. ಬೆಳೆದದ್ದರಲ್ಲಿ ಅರ್ಧದಷ್ಟು ಅಲ್ಲಿಗೇ ಹೋಗುವುದು ಅಪರೂಪವಾಗಿರಲಿಲ್ಲ. ಅದರ ಮೇಲೆ ಹಬ್ಬಕ್ಕೆ ಕಾಣಿಕೆ, ಮದುವೆ ಮುಂಜಿಗೆ ಬಿಟ್ಟಿ ಚಾಕರಿ. ಮಳೆಗಾಲದಲ್ಲಿ ಉಣ್ಣಲು ಅದೇ ಒಡೆಯನಿಂದ ಭತ್ತದ ಸಾಲ. ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ವಾಪಸು. ಅಂಕೋಲೆ, ಕುಮಟೆಗಳ ಹಾಲಕ್ಕಿ ಒಕ್ಕಲಿಗರಲ್ಲಿ ಬಹುಪಾಲು ಜನ ಈ ಚಕ್ರದೊಳಗೇ ಹುಟ್ಟಿ ಈ ಚಕ್ರದೊಳಗೇ ಸಾಯುತ್ತಿದ್ದರು.

ಇದನ್ನು ಯಾರೋ ಕೆಲವರ ಕ್ರೌರ್ಯವೆಂದು ಹೇಳಿ ಮುಗಿಸುವಂತಿಲ್ಲ. ಒಳ್ಳೆಯ ಒಡೆಯರೂ ಇದ್ದರು. ಕಷ್ಟದ ವರ್ಷ ಗೇಣಿ ಬಿಟ್ಟವರಿದ್ದರು. ಅನೇಕ ಒಡೆಯರ ಹಿಡುವಳಿಯೇ ಸಣ್ಣದು. ಸರಕಾರದ ತೀರ್ವೆಗೆ ಅವರೂ ಸಾಲ ಮಾಡಬೇಕಾಗಿತ್ತು. ದೋಷವಿದ್ದದ್ದು ಏರ್ಪಾಡಿನಲ್ಲಿ. ಯಾರು ಉಳುತ್ತಾರೆ ಎಂಬುದನ್ನು ಕೇಳದೆ ಯಾರು ತೀರ್ವೆ ತುಂಬುತ್ತಾರೆ ಎಂಬುದನ್ನಷ್ಟೇ ಬರೆದುಕೊಂಡ ಸರಕಾರ, ಉಳುವವನನ್ನು ಒಡೆಯನ ದಯೆಗೆ ಬಿಟ್ಟುಬಿಟ್ಟಿತ್ತು. ದಯೆ ಒಳ್ಳೆಯದೇ, ಅದು ಹಕ್ಕಲ್ಲ.

ಹಡಗಿನ ಕೂಲಿಯಿಂದ ಗದ್ದೆಯ ಗೇಣಿಗೆ

ದಿನಕರ ದೇಸಾಯಿಯವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲೆ ತಾಲೂಕಿನಲ್ಲಿ. ತಂದೆ ದತ್ತಾತ್ರೇಯ, ತಾಯಿ ಅಂಬಿಕಾ. ಅಂಕೋಲೆಯ ಬಳಿಯ ಅಲಗೇರಿ ಅವರ ಬಾಲ್ಯದ ಊರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸದ ಎಂ.ಎ. ಮಾಡಿದರು, ಕಾನೂನಿನ ಪದವಿಯನ್ನೂ ಪಡೆದರು. ಮುಂಬಯಿಯಲ್ಲಿ ವಕೀಲಿ ಹಿಡಿದಿದ್ದರೆ ಸುಖವಾಗಿ ಇರಬಹುದಿತ್ತು. ಅವರು ಸೇರಿದ್ದು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸರ್ವಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು. ಈ ಸಂಸ್ಥೆಯ ಸದಸ್ಯರು ಸಂಸಾರ ನಡೆಯುವಷ್ಟು ವೇತನ ಪಡೆದು ಬಾಳನ್ನೆಲ್ಲ ಸಾರ್ವಜನಿಕ ಕೆಲಸಕ್ಕೆ ಕೊಡಬೇಕು. ಘೋಷಣೆಗಿಂತ ಅಂಕಿ ಅಂಶ, ಭಾಷಣಕ್ಕಿಂತ ವರದಿ ಇವರ ಆಯುಧ. ಬಿಸಿರಕ್ತದ ಕಾಂಗ್ರೆಸ್ಸಿಗರು ಇವರನ್ನು ಮಂದಗಾಮಿಗಳೆಂದು ಹಗುರಾಗಿ ಕಾಣುತ್ತಿದ್ದುದೂ ಉಂಟು.

ಸಂಸ್ಥೆ ದೇಸಾಯಿಯವರಿಗೆ ಒಪ್ಪಿಸಿದ್ದು ಕಾರ್ಮಿಕರ ಕೆಲಸ, ಅದರಲ್ಲೂ ಹಡಗಿನ ಕಾರ್ಮಿಕರದು. ಆಗ ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲಿ ಸಾವಿರಾರು ಭಾರತೀಯರು ದುಡಿಯುತ್ತಿದ್ದರು. ಅದೇ ಕೆಲಸಕ್ಕೆ ಬಿಳಿಯ ನಾವಿಕನಿಗೆ ಸಿಗುವ ಸಂಬಳದ ಒಂದು ಸಣ್ಣ ಪಾಲು ಮಾತ್ರ ಅವರಿಗೆ. ಕೆಲಸ ಸಿಗಬೇಕಾದರೂ ದಲಾಲಿ, ಸಾರಂಗರ ಕೈ ಬೆಚ್ಚಗೆ ಮಾಡಬೇಕು. 1939ರಲ್ಲಿ ಯುದ್ಧ ಆರಂಭವಾದೊಡನೆ ಬ್ರಿಟಿಷ್ ಬಂದರುಗಳಲ್ಲಿ ಈ ನಾವಿಕರು ಮುಷ್ಕರ ಹೂಡಿ ಸಂಬಳ ಹೆಚ್ಚಿಸಿಕೊಂಡರು. ದೇಸಾಯಿಯವರು ಈ ಜನರ ಸ್ಥಿತಿಗತಿಯನ್ನು ಅಭ್ಯಾಸ ಮಾಡಿ 1940ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಅದಕ್ಕೂ ಮೊದಲು ಪ್ರಾಥಮಿಕ ಶಿಕ್ಷಣದ ಮೇಲೆ ಇನ್ನೊಂದು ಪುಸ್ತಕ ಬರೆದಿದ್ದರು. ಕೂಲಿ ಮತ್ತು ಶಾಲೆ, ಇವೆರಡೇ ಅವರ ಜೀವನದ ಉದ್ದಕ್ಕೂ ನಡೆದು ಬಂದ ವಿಷಯಗಳು.

ಮುಂಬಯಿಯ ಗೋದಿಯಲ್ಲಿ ಕಂಡದ್ದನ್ನು ಅವರು ತಮ್ಮ ಊರಿನಲ್ಲಿ ಬೇರೆ ರೂಪದಲ್ಲಿ ಮೊದಲೇ ಕಂಡಿದ್ದರು. ಅಲ್ಲಿ ಸಾರಂಗ, ಇಲ್ಲಿ ಒಡೆಯ. ಅಲ್ಲಿ ಹಡಗು, ಇಲ್ಲಿ ಗದ್ದೆ. ಒಬ್ಬೊಬ್ಬನಾಗಿ ಹೋಗಿ ಬಾಗಿಲಲ್ಲಿ ನಿಂತರೆ ಬೇಡುವವನು. ಹತ್ತು ಜನ ಒಟ್ಟಾಗಿ ಹೋದರೆ ಕೇಳುವವರು. ಕಾರ್ಮಿಕ ಸಂಘದ ಈ ಸರಳ ಪಾಠವನ್ನು ಅವರು ಅಂಕೋಲೆಯ ಕಡೆಯ ರೈತರಿಗೆ ಹೇಳತೊಡಗಿದರು. ಗೇಣಿಯ ಹೊರೆ ಇಳಿಯಬೇಕು, ಬೇಕೆಂದಾಗ ಒಕ್ಕಲೆಬ್ಬಿಸುವುದು ನಿಲ್ಲಬೇಕು, ಬಿಟ್ಟಿ ಚಾಕರಿ ಹೋಗಬೇಕು ಎಂಬ ಮಾತಿಗೆ ರೈತರು ಕೂಡಿಬಂದರು. ತಲೆ ಎತ್ತಿ ಮಾತಾಡದ ಜನ ಸಭೆಯಲ್ಲಿ ಕುಳಿತರು. ಉಳುವವನೇ ಹೊಲದೊಡೆಯ ಎಂಬ ಮಾತು ಸರಕಾರದ ಕಾಯದೆಯಾಗುವುದಕ್ಕೆ ದಶಕಗಳ ಮೊದಲು ಕರಾವಳಿಯ ಗದ್ದೆಗಳಲ್ಲಿ ಕೇಳಿಬಂತು.

ಐದು ವರ್ಷ ಊರ ಹೊರಗೆ

ಕಾಲ ಅನುಕೂಲವಾಗಿರಲಿಲ್ಲ. ಭಾರತವನ್ನು ಕೇಳದೆಯೇ ಯುದ್ಧಕ್ಕೆ ಎಳೆದದ್ದನ್ನು ಪ್ರತಿಭಟಿಸಿ 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟಿದ್ದವು. ಮುಂಬಯಿಯಲ್ಲಿ ಗವರ್ನರನ ಆಡಳಿತ. ಯುದ್ಧಕಾಲದಲ್ಲಿ ಹಳ್ಳಿಯಲ್ಲಿ ಗದ್ದಲ ಬೇಡವೆಂಬುದು ಅಧಿಕಾರಿಗಳ ನಿಲುವು. 1940ರಲ್ಲಿ ದೇಸಾಯಿಯವರಿಗೆ ಜಿಲ್ಲೆಯ ಗಡಿಯೊಳಗೆ ಬರಕೂಡದೆಂಬ ಆಜ್ಞೆಯಾಯಿತು. 1945ರ ತನಕ ಅದು ಜಾರಿಯಲ್ಲಿತ್ತು.

ಈ ಆಜ್ಞೆಯ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನಿಟ್ಟು ನೋಡಬೇಕು. ಖೇರರ ಮಂತ್ರಿಮಂಡಲ ಹೋಗುವ ಮೊದಲು 1939ರಲ್ಲಿ ಮುಂಬಯಿ ಗೇಣಿ ಕಾಯದೆಯನ್ನು ಮಾಡಿತ್ತು. 1938ರ ಜನವರಿ 1ಕ್ಕೆ ಮೊದಲು ಸತತವಾಗಿ ಆರು ವರ್ಷ ಜಮೀನು ಮಾಡಿದವನನ್ನು ಸಂರಕ್ಷಿತ ಗೇಣಿದಾರನೆಂದು ಗುರುತಿಸಿ, ಅವನನ್ನು ಸುಮ್ಮನೆ ಎಬ್ಬಿಸದಂತೆ ತಡೆಯುವುದು ಅದರ ಮುಖ್ಯಾಂಶ. ಆ ಕಾಯದೆಯನ್ನು 1941ರಲ್ಲಿ ಮೊದಲು ಅನ್ವಯಿಸಿದ್ದು ಕೆಲವೇ ಜಿಲ್ಲೆಗಳಿಗೆ. ಅವುಗಳಲ್ಲಿ ಉತ್ತರ ಕನ್ನಡವೂ ಒಂದು. ಅಂದರೆ ಗೇಣಿದಾರನಿಗೆ ರಕ್ಷಣೆ ಬೇಕೆಂದು ಹೇಳಿದವನು ಹೊರಗೆ, ಗೇಣಿದಾರನಿಗೆ ರಕ್ಷಣೆ ಕೊಡುವ ಕಾಯದೆ ಒಳಗೆ! ಬೇಡಿಕೆ ಸರಿಯಾದದ್ದೆಂದು ಸರಕಾರವೇ ಒಪ್ಪಿದಂತಾಯಿತು. ಬೇಡುವವರು ಸಂಘಟಿತರಾಗುವುದನ್ನು ಮಾತ್ರ ಅದು ಒಪ್ಪಲಿಲ್ಲ. ಮೇಲಿನಿಂದ ಕೊಡುವ ಕಾಯದೆಗೆ ಯಾವ ಆಳರಸರೂ ಹೆದರುವುದಿಲ್ಲ. ಕೆಳಗಿನವರು ಆ ಕಾಯದೆಯನ್ನು ಓದಿಕೊಂಡು ಬಂದು ಬಾಗಿಲಲ್ಲಿ ನಿಂತಾಗ ಹೆದರಿಕೆ ಶುರುವಾಗುತ್ತದೆ. ಓದು ಬಾರದವನಿಗೆ ಕಾಯದೆಯಿಂದ ಆಗುವ ಉಪಯೋಗ ಎಷ್ಟು ಕಡಿಮೆ ಎಂಬುದನ್ನೂ ದೇಸಾಯಿಯವರು ಈ ವರ್ಷಗಳಲ್ಲಿ ಮನಗಂಡಿರಬೇಕು. ಅವರ ಮುಂದಿನ ಬಾಳು ಹಾಗೆ ಹೇಳುತ್ತದೆ.

ಆಫ್ರಿಕದ ಒಂದು ಹೋಲಿಕೆ

ವಸಾಹತು ಆಳಿಕೆಯ ಕೊನೆಯ ವರ್ಷಗಳಲ್ಲಿ ಇಂಥ ರಾಜಕಾರಣಿಗಳು ನಮ್ಮಲ್ಲಿ ಮಾತ್ರ ಹುಟ್ಟಿದವರಲ್ಲ. ಇದೇ ಕಾಲಕ್ಕೆ ಪಶ್ಚಿಮ ಆಫ್ರಿಕದಲ್ಲಿ ಫ್ರೆಂಚರ ವಸಾಹತಾಗಿದ್ದ ಐವರಿ ಕೋಸ್ಟಿನಲ್ಲಿ ಫೆಲಿಕ್ಸ್ ಊಫ್ವೆ-ಬ್ವಾನಿ ಎಂಬಾತ ತಲೆ ಎತ್ತಿದ. ಅವನು ವೈದ್ಯಕೀಯ ಕಲಿತವನು, ಕೋಕೋ ಮತ್ತು ಕಾಫಿ ತೋಟಗಳ ಒಡೆಯ, ತನ್ನ ಸೀಮೆಯ ಮುಖ್ಯಸ್ಥ. ಅಲ್ಲಿ ಫ್ರೆಂಚ್ ಸರಕಾರ ಹಳ್ಳಿಯ ಗಂಡಸರನ್ನು ಹಿಡಿದು ಬಿಳಿಯರ ತೋಟಗಳಿಗೂ ರಸ್ತೆ ಕೆಲಸಕ್ಕೂ ಒತ್ತಾಯದಿಂದ ಅಟ್ಟುತ್ತಿತ್ತು. ಆಫ್ರಿಕನ್ ಬೆಳೆಗಾರರಿಗೆ ಇದರಿಂದ ಆಳು ಸಿಗುತ್ತಿರಲಿಲ್ಲ. 1944ರಲ್ಲಿ ಅವನು ಆಫ್ರಿಕನ್ ಬೆಳೆಗಾರರ ಸಂಘ ಕಟ್ಟಿದ. ಯುದ್ಧ ಮುಗಿದ ಮೇಲೆ ವಸಾಹತುಗಳಿಗೂ ಪ್ಯಾರಿಸಿನ ಸಂವಿಧಾನ ಸಭೆಯಲ್ಲಿ ಕೆಲವು ಸ್ಥಾನ ದೊರೆತಾಗ, 1945ರಲ್ಲಿ ಅಲ್ಲಿಗೆ ಆಯ್ಕೆಯಾದ. ಬಿಟ್ಟಿ ದುಡಿಮೆಯನ್ನು ರದ್ದುಪಡಿಸುವ ಕಾಯದೆ 1946ರ ಏಪ್ರಿಲ್ 11ರಂದು ಆಯಿತು. ಅದಕ್ಕೆ ಅವನ ಹೆಸರೇ ಅಂಟಿಕೊಂಡಿತು. ಅದೇ ವರ್ಷ ಬಮಾಕೋದಲ್ಲಿ ಹುಟ್ಟಿದ ದೊಡ್ಡ ಪಕ್ಷಕ್ಕೆ ಅವನೇ ನಾಯಕನಾದ.

ಬಿಟ್ಟಿ ಎಂಬ ಮಾತು ಕೇಳಿದೊಡನೆ ನಮಗೆ ನಮ್ಮ ಗದ್ದೆಗಳು ನೆನಪಾಗುತ್ತವೆ. ಆದರೆ ಹೋಲಿಕೆಯಷ್ಟೇ ವ್ಯತ್ಯಾಸವೂ ಮುಖ್ಯ. ಊಫ್ವೆ-ಬ್ವಾನಿ ಕಟ್ಟಿದ್ದು ತೋಟದೊಡೆಯರ ಸಂಘ. ಅದರಿಂದ ಕೂಲಿಯವನಿಗೆ ದೊಡ್ಡ ಉಪಕಾರವೇ ಆಯಿತು, ನಿಜ. ಆದರೆ ಆ ರಾಜಕಾರಣದ ತಳಹದಿ ಬೆಳೆಗಾರನ ಹಿತ. ಸಂಘದಿಂದ ಪಕ್ಷ, ಪಕ್ಷದಿಂದ ಫ್ರೆಂಚ್ ಮಂತ್ರಿಮಂಡಲ, ಅಲ್ಲಿಂದ ಸ್ವತಂತ್ರ ದೇಶದ ಅಧ್ಯಕ್ಷಪದವಿ ಎಂದು ಅವನು ಏರುತ್ತ ಹೋದ. 1960ರಿಂದ 1993ರಲ್ಲಿ ಸಾಯುವವರೆಗೆ ಕುರ್ಚಿ ಬಿಡಲಿಲ್ಲ. ಹುಟ್ಟೂರು ಯಾಮುಸುಕ್ರೋದಲ್ಲಿ ಜಗತ್ತೇ ಬೆರಗಾಗುವಷ್ಟು ದೊಡ್ಡ ಇಗರ್ಜಿ ಕಟ್ಟಿಸಿದ. ದೇಸಾಯಿಯವರು ನಿಂತದ್ದು ತೋಟವಿಲ್ಲದವನ, ಗದ್ದೆ ತನ್ನದಲ್ಲದವನ ಪಕ್ಕದಲ್ಲಿ. ಆ ದಾರಿ ಅಧಿಕಾರದ ಕಡೆಗೆ ಬೇಗ ಹೋಗುವ ದಾರಿಯಲ್ಲ. ಅವರು ಹುಟ್ಟೂರಿನಲ್ಲಿ ಕಟ್ಟಿದ್ದು ಶಾಲೆಗಳನ್ನು.

ಶಾಲೆಯೇ ಮುಂದಿನ ಹೋರಾಟ

ಸ್ವಾತಂತ್ರ್ಯ ಬಂದ ಮೇಲೆ ಗೇಣಿಯ ಪ್ರಶ್ನೆ ತಾನಾಗಿ ಕರಗಲಿಲ್ಲ. 1948ರ ಮುಂಬಯಿ ಕಾಯದೆ ಗೇಣಿಯನ್ನು ನೀರಾವರಿ ಇಲ್ಲದ ಜಮೀನಿಗೆ ಬೆಳೆಯ ಮೂರರಲ್ಲೊಂದು, ನೀರಾವರಿ ಜಮೀನಿಗೆ ನಾಲ್ಕರಲ್ಲೊಂದು ಪಾಲಿಗೆ ಮಿತಿಗೊಳಿಸಿತು. 1951ರಲ್ಲಿ ಸಿದ್ದಾಪುರದ ಪಕ್ಕದ ಸಾಗರ ಸೀಮೆಯಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅದು ಕೂಡ ಗೇಣಿದಾರನ ಮಾನದ ಹೋರಾಟವೇ. ಮುಂಬಯಿ ರಾಜ್ಯದಲ್ಲಿ 1957ರ ಏಪ್ರಿಲ್ 1ನ್ನು ಉಳುವವರ ದಿನವೆಂದು ಗೊತ್ತುಪಡಿಸಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡುವ ಕ್ರಮ ಜಾರಿಗೆ ಬಂದಾಗ, ಉತ್ತರ ಕನ್ನಡ ಆ ರಾಜ್ಯದಲ್ಲಿರಲಿಲ್ಲ. ಐದು ತಿಂಗಳ ಹಿಂದೆಯಷ್ಟೇ ಏಕೀಕರಣವಾಗಿ ಮೈಸೂರು ರಾಜ್ಯಕ್ಕೆ ಸೇರಿತ್ತು. ಕನ್ನಡಿಗನಾಗಿ ಗೆದ್ದವನು ಒಕ್ಕಲಾಗಿ ಇನ್ನೂ ಕಾಯಬೇಕಾಯಿತು.

ದೇಸಾಯಿಯವರು ಕಾಯುತ್ತ ಕೂರಲಿಲ್ಲ. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಅಂಕೋಲೆ, ಶಿರಾಲಿ, ಮುರ್ಡೇಶ್ವರ, ದಾಂಡೇಲಿ ಎಂದು ಹೈಸ್ಕೂಲುಗಳ ಸಾಲು ಬೆಳೆಯಿತು. ಹಲವಕ್ಕೆ ಜನತಾ ವಿದ್ಯಾಲಯ ಎಂದೇ ಹೆಸರು. 1955ರಲ್ಲಿ ‘ಜನಸೇವಕ’ ವಾರಪತ್ರಿಕೆ ಆರಂಭಿಸಿದರು. ತಮ್ಮ ಗುರುಪಂಕ್ತಿಯ ಗೋಖಲೆಯವರು ಹುಟ್ಟಿ ನೂರು ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜನ್ನು ತೆರೆದರು. ತಂದೆ ಗೇಣಿ ಅಳೆಯುತ್ತಿದ್ದ ಮನೆಯ ಮಗ ಕಾಲೇಜಿನ ಮೆಟ್ಟಿಲು ಹತ್ತಿದ್ದು ಹೀಗೆ. ಹಾಲಕ್ಕಿ ಕೇರಿಯಿಂದ, ಮೀನುಗಾರರ ಕೇರಿಯಿಂದ ಮಾಸ್ತರರೂ ಗುಮಾಸ್ತರೂ ಹೊರಬಂದದ್ದು ಹೀಗೆ. ಅರ್ಜಿ ಬರೆಯಬಲ್ಲ, ದಾಖಲೆ ಓದಬಲ್ಲ ಒಬ್ಬ ಹುಡುಗ ಕೇರಿಯಲ್ಲಿದ್ದರೆ ಅದು ಒಂದು ಸಣ್ಣ ಕಾಯದೆಗೆ ಸಮ.

1967ರ ಚುನಾವಣೆಯಲ್ಲಿ ಅವರು ಲೋಕಸಭೆಗೆ ಆಯ್ಕೆಯಾದರು. ಕೆನರಾ ಕ್ಷೇತ್ರವನ್ನು 1952ರಿಂದ ಪ್ರತಿನಿಧಿಸುತ್ತಿದ್ದವರು ಜೋಕಿಮ್ ಆಳ್ವಾ. ಮೂರು ಚುನಾವಣೆ ಗೆದ್ದ ಕಾಂಗ್ರೆಸ್ಸಿನ ಕೋಟೆ ಅದು. ಅಂಕೋಲೆಯ ಗದ್ದೆಯಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಪಟ್ಟಿಯವರೆಗೆ ಹಬ್ಬಿದ ಆ ಕ್ಷೇತ್ರದಿಂದ, ಒಂದು ಕಾಲಕ್ಕೆ ಜಿಲ್ಲೆಯೊಳಗೆ ಬರಕೂಡದೆನಿಸಿಕೊಂಡವರು ಜಿಲ್ಲೆಯ ಪ್ರತಿನಿಧಿಯಾಗಿ ದಿಲ್ಲಿಗೆ ಹೋದರು. ದಿಲ್ಲಿ ಅವರನ್ನು ಹೆಚ್ಚು ಕಾಲ ಹಿಡಿದಿಡಲಿಲ್ಲ. 1971ರ ಚುನಾವಣೆಯ ಹೊತ್ತಿಗೆ ಆ ಅಧ್ಯಾಯ ಮುಗಿದಿತ್ತು. ಮತ್ತೆ ಶಾಲೆ, ಮತ್ತೆ ಚುಟುಕ.

ಇನ್ನೂ ಮುಗಿಯದ ಲೆಕ್ಕ

1974ರ ಮಾರ್ಚ್ 1ರಂದು ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನುಗಳೆಲ್ಲ ಸರಕಾರಕ್ಕೆ ಸೇರಿ, ಉಳುವವರಿಗೆ ಸಲ್ಲಬೇಕೆಂಬುದು ಅದರ ಸಾರ. ಅರ್ಜಿ ಹಾಕಿ ಗದ್ದೆ ಪಡೆದವರ ಮನೆಗಳಲ್ಲಿ ಅದು ಎರಡನೆಯ ಸ್ವಾತಂತ್ರ್ಯ. ದೇಸಾಯಿಯವರು ಅದನ್ನು ಕಣ್ಣಾರೆ ಕಂಡರು. ಅವರು ತೀರಿಕೊಂಡದ್ದು 1982ರ ನವೆಂಬರಿನಲ್ಲಿ.

ಘಟ್ಟದ ಮೇಲೂ ಕೆಳಗೂ ಈ ವಿಷಯದಲ್ಲಿ ಇಂದಿಗೂ ಒಂದೇ ನೆನಪಿಲ್ಲ. ಕರ ನಿರಾಕರಿಸಿ ಒಮ್ಮೆ ಜಮೀನು ಕಳೆದುಕೊಂಡು, ಅದು ಮರಳಿ ಬಂದ ಮೇಲೆ ಗೇಣಿ ಕಾಯದೆಯಲ್ಲಿ ಎರಡನೆಯ ಸಲ ಕಳೆದುಕೊಂಡೆವು ಎಂದು ನೊಂದುಕೊಳ್ಳುವ ಮನೆಗಳಿವೆ. ನಾಲ್ಕು ತಲೆಮಾರು ಉತ್ತ ಗದ್ದೆಯ ಮೇಲೆ ತಂದೆಯ ಹೆಸರು ಕಂಡ ದಿನವನ್ನು ಹಬ್ಬದಂತೆ ನೆನೆಯುವ ಮನೆಗಳೂ ಇವೆ. ಎರಡೂ ಸತ್ಯ. ಮೊದಲನೆಯ ಮನೆಯ ಕಥೆಯನ್ನು ನಾವು ಸ್ಮಾರಕ ಕಟ್ಟಿ, ಪಠ್ಯದಲ್ಲಿ ಬರೆದು ಕಾಪಾಡಿದ್ದೇವೆ. ಎರಡನೆಯ ಮನೆಯ ಕಥೆಯನ್ನು ಅಷ್ಟು ಅಕ್ಕರೆಯಿಂದ ಬರೆದಿಟ್ಟಿಲ್ಲ. ಆ ಕಥೆ ಹೇಳಬೇಕಾದವರಿಗೆ ಬರೆಯಲು ಬರುತ್ತಿರಲಿಲ್ಲ ಎಂಬುದೇ ಅದಕ್ಕೆ ಒಂದು ಕಾರಣ.

ಪರರ ಆಳಿಕೆ ಹೋಗಲಿ ಎಂದವರನ್ನು ನಾವು ಮರೆಯುವಂತಿಲ್ಲ. ಅದು ಹೋದ ಮೇಲೆ ಗದ್ದೆಯ ಭತ್ತ ಯಾರ ಕಣಜಕ್ಕೆ ಹೋಗಬೇಕು ಎಂದು ಅದು ಹೋಗುವ ಮೊದಲೇ ಕೇಳಿದವರನ್ನೂ ಮರೆಯಬಾರದು. ಯಲ್ಲಾಪುರದಿಂದ ಅರಬೈಲು ಘಟ್ಟವಿಳಿದು ಅಂಕೋಲೆಗೆ ಹೋಗುವವರು ಅಲ್ಲಿಯ ಶಾಲೆ ಬಿಡುವ ಹೊತ್ತಿಗೆ ಒಂದು ನಿಮಿಷ ನಿಂತು ನೋಡಿದರೆ ಸಾಕು. ಗಂಟೆ ಹೊಡೆದೊಡನೆ ಹೊರಗೆ ನುಗ್ಗಿ ಬರುವ ಮಕ್ಕಳಲ್ಲಿ ಯಾರ ಅಜ್ಜ ಒಡೆಯ, ಯಾರ ಅಜ್ಜ ಒಕ್ಕಲು ಎಂದು ಗುರುತಿಸುವುದು ಈಗ ಕಷ್ಟ.